ಹಾಸನದ ಬೇಸಿಗೆಯಲ್ಲಿ ಮೇಲ್ಮಹಡಿ ಮನೆಯನ್ನು ಏಸಿ ಇಲ್ಲದೆ ತಣ್ಣಗಿಟ್ಟುಕೊಂಡ ಬಗೆ

ಹಾಸನಕ್ಕೆ ಬಡವರ ಊಟಿ ಅಂತ ಹೆಸರಿದೆ. ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಊರು, ಒಂದು ಕಡೆ ಸಕಲೇಶಪುರದ ಮಲೆನಾಡು, ಇನ್ನೊಂದು ಕಡೆ ಅರಸೀಕೆರೆಯ ಬಯಲು. ಆ ಹೆಸರನ್ನು ನಂಬಿಕೊಂಡೇ ಇಲ್ಲಿ ಎಲ್ಲರೂ ಮನೆ ಕಟ್ಟಿಸಿದ್ದಾರೆ. ಮಳೆಗೆ ಸಜ್ಜಾ ಇರುತ್ತದೆ, ಚಳಿಗೆ ಗೀಸರ್ ಇರುತ್ತದೆ, ಬಿಸಿಲಿಗೆ ಅಂತ ಏನೂ ಇರುವುದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟು, ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾಗಿ, ಅದರ ಹಿಂದೆಯೇ 2024ರ ಏಪ್ರಿಲ್ ಬಂತಲ್ಲ, ಆಗ ನಮ್ಮ ಮನೆಯಲ್ಲಿ ಕೂರುವುದಕ್ಕೇ ಆಗುತ್ತಿರಲಿಲ್ಲ. ಆಮೇಲೆ ನಾನು ಒಂದೊಂದಾಗಿ ಏನೇನು ಮಾಡಿಕೊಂಡೆ ಅನ್ನುವುದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ಮೇಲ್ಮಹಡಿಯಲ್ಲಿ ಬಾಡಿಗೆಗೆ ಇರುವವರಿಗೆ ಜಾಸ್ತಿ ಉಪಯೋಗವಾಗಬಹುದು.

ನಾನು ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ಮುಖ್ಯವಾಗಿ ರವಿಕೆ. ಸಾಲಗಾಮೆ ರಸ್ತೆ ಕಡೆಯ ಒಂದು ಬಡಾವಣೆಯಲ್ಲಿ ಮೊದಲನೇ ಮಹಡಿ ಮನೆ, ತಲೆಯ ಮೇಲೆ ಬರೀ ತಾರಸಿ. ಮದುವೆ ಸೀಸನ್ ಏಪ್ರಿಲ್, ಮೇ ತಿಂಗಳಲ್ಲೇ ಬರುವುದರಿಂದ ಬಿಸಿಲು ಏರಿದಷ್ಟೂ ನನ್ನ ಕೆಲಸ ಏರುತ್ತದೆ. ಲೈನಿಂಗ್ ಬಟ್ಟೆ, ಇಸ್ತ್ರಿ ಪೆಟ್ಟಿಗೆ, ಮೋಟಾರ್ ಹಾಕಿದ ಮಷಿನ್, ಇಷ್ಟನ್ನೂ ಇಟ್ಟುಕೊಂಡು ಹತ್ತು ಅಡಿ ರೂಮಿನಲ್ಲಿ ದಿನವಿಡೀ ಕೂರಬೇಕು. ಪಕ್ಕದ ರೂಮಿನಲ್ಲಿ ಅತ್ತೆ. ಅವರಿಗೆ ಎಪ್ಪತ್ತು ದಾಟಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ.

ಮೊದಲು ನಾನು ತಿಳಿದುಕೊಂಡಿದ್ದು ಏನೆಂದರೆ, ನಮ್ಮನ್ನು ಬೇಯಿಸುತ್ತಿದ್ದುದು ಹೊರಗಿನ ಗಾಳಿಯಲ್ಲ, ತಲೆಯ ಮೇಲಿನ ಆರ್‌ಸಿಸಿ. ಪತ್ರಿಕೆಯಲ್ಲಿ ಬರುವ ಡಿಗ್ರಿ ನೆರಳಿನದು. ಹವಾಮಾನ ಇಲಾಖೆಯವರು ತಾಪಮಾಪಕವನ್ನು ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ನಾಲ್ಕು ಅಡಿ ಮೇಲೆ ಇಟ್ಟು ಅಳೆಯುತ್ತಾರೆ. ನಮ್ಮ ತಾರಸಿಗೆ ಆ ಭಾಗ್ಯ ಇಲ್ಲ. ಬೆಳಗ್ಗೆಯಿಂದ ಕಾಂಕ್ರೀಟು ಬಿಸಿ ಹೀರುತ್ತಲೇ ಇರುತ್ತದೆ, ಆ ಬಿಸಿ ಕೆಳಗಿನ ಮುಖಕ್ಕೆ ಇಳಿಯಲು ಕೆಲವು ಗಂಟೆ ಹಿಡಿಯುತ್ತದೆ, ಹಾಗಾಗಿ ಹೊರಗೆ ತಂಗಾಳಿ ಬೀಸುವ ಸಂಜೆ ಹೊತ್ತಿನಲ್ಲೇ ಒಳಗೆ ಸೆಕೆ ಜಾಸ್ತಿ. ರಾತ್ರಿ ಹತ್ತಕ್ಕೆ ಕುರ್ಚಿ ಹತ್ತಿ ಸೀಲಿಂಗ್ ಮುಟ್ಟಿ ನೋಡಿ, ಗೊತ್ತಾಗುತ್ತದೆ. ಹಳೆಯ ಹೆಂಚಿನ ಮನೆಗಳಲ್ಲಿ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಕೆಳಗೆ ಅಟ್ಟ ಇರುತ್ತಿತ್ತು, ಬಿಸಿ ಮನುಷ್ಯರ ತನಕ ಬರುತ್ತಿರಲಿಲ್ಲ. ಈಗ ನಮ್ಮ ನೆತ್ತಿಗೂ ಬಿಸಿಲಿಗೂ ನಡುವೆ ಐದು ಇಂಚು ಕಾಂಕ್ರೀಟು ಅಷ್ಟೇ.

ಹಾಗಾಗಿ ಮೊದಲು ತಾರಸಿಗೆ ಕೈ ಹಾಕಿದೆ. ಸುಣ್ಣ ಬಳಿಯುವುದು, ಬಿಳಿ ಬಣ್ಣ ಬಿಸಿಲನ್ನು ಹೀರದೆ ವಾಪಸ್ ಕಳಿಸುತ್ತದೆ. ಹೊಸದೇನಲ್ಲ, ಅಹಮದಾಬಾದ್‌ನಲ್ಲಿ 2010ರ ಬಿಸಿಲಿಗೆ ತುಂಬಾ ಜನ ಸತ್ತ ಮೇಲೆ 2013ರಲ್ಲಿ ಬಿಸಿಲಿಗೆ ಅಂತಲೇ ಒಂದು ಯೋಜನೆ ಮಾಡಿದರು, ಮುಂದೆ ಅಲ್ಲಿ ಬಡವರ ಮನೆ ಮಾಡಿಗೆ ಬಿಳಿ ಬಳಿಯುವ ಕೆಲಸವೂ ಅದಕ್ಕೆ ಸೇರಿತು. ತೆಲಂಗಾಣ 2023ರಲ್ಲಿ ಇದಕ್ಕೇ ಒಂದು ನೀತಿ ತಂದಿತು. ನಮಗೆ ಯಾವ ಯೋಜನೆಯೂ ಬೇಕಿಲ್ಲ, ಕಟ್ಟಿನಕೆರೆ ಮಾರುಕಟ್ಟೆ ಕಡೆ ಹೋದರೆ ಸುಣ್ಣ ಸಿಗುತ್ತದೆ.

ಮನೆ ಮಾಲೀಕರನ್ನು ಕೇಳಿಯೇ ಮಾಡಬೇಕು. ನಮ್ಮ ಮಾಲೀಕರು ಕೆಳಗಿನ ಮನೆಯಲ್ಲೇ ಇದ್ದಾರೆ. "ಅಂಕಲ್, ಖರ್ಚು ನನ್ನದು, ಬಿರುಕು ಕಂಡರೆ ಅದನ್ನೂ ಮುಚ್ಚಿಸುತ್ತೇನೆ" ಅಂದೆ. ಸೋರುವುದು ನಿಲ್ಲುತ್ತದೆ ಅಂದರೆ ಯಾವ ಮಾಲೀಕರು ಬೇಡ ಅನ್ನುತ್ತಾರೆ? ನೀವೂ ಹಾಗೇ ಕೇಳಿ.

ವಿಧಾನ ಹೀಗೆ. ತಾರಸಿಯನ್ನು ಗುಡಿಸಿ, ಪಾಚಿ ಇದ್ದರೆ ತಂತಿ ಬ್ರಷ್‌ನಲ್ಲಿ ಉಜ್ಜಿ ತೊಳೆಯಬೇಕು. ಧೂಳಿನ ಮೇಲೆ ಬಳಿದರೆ ಸುಣ್ಣ ಹಕ್ಕಳೆ ಏಳುತ್ತದೆ. ಬಿರುಕುಗಳಿಗೆ ಬಿಳಿ ಸಿಮೆಂಟ್ ಮೆತ್ತಿ ಒಣಗಿಸಿ. ಸುಣ್ಣದ ಕಲ್ಲು ತಂದರೆ ಹಿಂದಿನ ದಿನವೇ ನೀರಲ್ಲಿ ಹಾಕಿಡಬೇಕು, ಅದು ಕೊತಕೊತ ಕುದಿಯುತ್ತದೆ, ಪ್ಲಾಸ್ಟಿಕ್ ಬಕೆಟ್ ಬೇಡ, ಹಳೆಯ ಕಬ್ಬಿಣದ ಡ್ರಮ್ಮೋ ತಗಡಿನ ಡಬ್ಬವೋ ಇರಲಿ, ಮಕ್ಕಳು ಹತ್ತಿರ ಬರಬಾರದು. ಅಷ್ಟು ರಗಳೆ ಬೇಡ ಅನ್ನುವವರಿಗೆ ಸುಣ್ಣದ ಪುಡಿ ಸಿಗುತ್ತದೆ. ನಾನು ಪುಡಿಯನ್ನೇ ತಂದೆ. ನೀರು ಹಾಕಿ ಕಲಸಿ, ಹಳೆಯ ಸೀರೆ ಬಟ್ಟೆಯಲ್ಲಿ ಸೋಸಿ, ಅದಕ್ಕೆ ಫೆವಿಕಾಲ್ ಸೇರಿಸಿದೆ. ಅಂಟು ಇಲ್ಲದಿದ್ದರೆ ಬಟ್ಟೆ ಒಣಹಾಕಲು ಓಡಾಡುವವರ ಕಾಲಿಗೆಲ್ಲ ಸುಣ್ಣ. ಹದ ಮಜ್ಜಿಗೆಗಿಂತ ಸ್ವಲ್ಪ ಗಟ್ಟಿ. ಸಂಜೆ ಬಿಸಿಲು ಇಳಿದ ಮೇಲೆ ತಾರಸಿಯನ್ನು ಒಮ್ಮೆ ಒದ್ದೆ ಮಾಡಿ ತೆಳ್ಳಗೆ ಒಂದು ಕೋಟ್, ಮಾರನೇ ದಿನ ಅಡ್ಡಕ್ಕೆ ಇನ್ನೊಂದು ಕೋಟ್. ಒಂದೇ ಸಲ ದಪ್ಪಗೆ ಹಚ್ಚಿದರೆ ಬಿರುಕು ಬಿಡುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಲೇಬೇಕು, ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಸಿಡಿದರೆ ತಡಮಾಡದೆ ಧಾರಾಳವಾಗಿ ನೀರಲ್ಲಿ ತೊಳೆಯುತ್ತಾ ಇರಬೇಕು, ಆಮೇಲೆ ಸೀದಾ ಆಸ್ಪತ್ರೆಗೆ.

ಆ ರಾತ್ರಿಯೇ ವ್ಯತ್ಯಾಸ ಗೊತ್ತಾಯಿತು ಅಂತ ಹೇಳಲಾರೆ. ಗೋಡೆಯಲ್ಲಿ ಕೂತ ಬಿಸಿ ಇಳಿಯಲು ಒಂದೆರಡು ದಿನ ಬೇಕು. ಆಮೇಲೆ ಸಂಜೆ ಆರರ ಮೇಲೆ ಸೀಲಿಂಗ್‌ನಿಂದ ಮುಖಕ್ಕೆ ಬಡಿಯುತ್ತಿದ್ದ ಝಳ ನಿಂತಿತು. ಅತ್ತೆಗೆ ನಾನು ಏನೂ ಹೇಳಿರಲಿಲ್ಲ. "ಇವತ್ತು ಗಾಳಿ ಚೆನ್ನಾಗಿದೆ ಕಣಮ್ಮ" ಅಂದರು. ಗಾಳಿ ಅಷ್ಟೇ ಇತ್ತು.

ಸುಣ್ಣ ಒಂದು ಮಳೆಗಾಲದಲ್ಲಿ ಅರ್ಧ ತೊಳೆದು ಹೋಗುತ್ತದೆ, ವರ್ಷಕ್ಕೊಮ್ಮೆ ಫೆಬ್ರವರಿ ಕೊನೆಗೆ ಬಳಿಯಬೇಕು. ಕೂಲ್ ರೂಫ್ ಪೇಂಟ್ ಹೆಚ್ಚು ವರ್ಷ ಬಾಳುತ್ತದೆ, ಬೆಲೆಯೂ ಹೆಚ್ಚು, ಸ್ವಂತ ಮನೆಯವರಿಗೆ ಅದೇ ಒಳ್ಳೆಯದು. ಮಳೆ ನೀರನ್ನು ನೆಲದ ಸಂಪ್‌ಗೆ ಬಿಟ್ಟುಕೊಳ್ಳುವವರು ಮೊದಲ ಒಂದೆರಡು ಮಳೆಯ ನೀರನ್ನು ಹೊರಗೆ ಬಿಡಿ.

ತಾರಸಿಗೆ ನೀರು ಚೆಲ್ಲುವುದನ್ನು ತುಂಬಾ ಜನ ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ನೀರು ಆರಿದ ಕೂಡಲೇ ತಂಪೂ ಹೋಯಿತು, ಟ್ಯಾಂಕರ್ ನೀರಿಗೆ ಕಾಯುವ ಕಾಲದಲ್ಲಿ ಕುಡಿಯುವ ನೀರನ್ನು ಕಾಂಕ್ರೀಟಿಗೆ ಸುರಿಯಲು ಮನಸ್ಸಾದರೂ ಹೇಗೆ ಬರುತ್ತದೆ? ತೆಂಗಿನ ಗರಿ ಸಿಗುವವರು ಚಪ್ಪರ ಹಾಕಿಸಿ. ನಮ್ಮ ಜಿಲ್ಲೆಯಲ್ಲಿ ಗರಿಗೆ ಬರವಿಲ್ಲ. ಗರಿಗೂ ತಾರಸಿಗೂ ನಡುವೆ ಮೂರು ನಾಲ್ಕು ಅಡಿ ಗಾಳಿ ಆಡುವಂತಿರಲಿ, ಹಗ್ಗ ಬಿಗಿಯಾಗಿರಲಿ, ಯಾಕೆಂದರೆ ಏಪ್ರಿಲ್ ಕೊನೆಯ ಗುಡುಗು ಮಳೆ ಗಾಳಿ ಹೊತ್ತುಕೊಂಡೇ ಬರುತ್ತದೆ.

ಎರಡನೆಯದು ಕಿಟಕಿ. ನಮ್ಮ ಹೊಲಿಗೆ ರೂಮಿನ ಕಿಟಕಿ ಪಶ್ಚಿಮಕ್ಕೆ. ಮಧ್ಯಾಹ್ನ ಮೂರರ ಬಿಸಿಲು ನೇರ ಮಷಿನ್ ಮೇಲೆ. ಕರ್ಟನ್ ಒಳಗೆ ಹಾಕಿದರೆ ಪ್ರಯೋಜನ ಕಡಿಮೆ, ಬಿಸಿಲು ಗಾಜು ದಾಟಿ ಒಳಗೆ ಬಂದಾಗಿದೆ, ಕರ್ಟನ್ನೇ ಕಾದು ರೂಮಿಗೆ ಬಿಸಿ ಕೊಡುತ್ತದೆ. ತಡೆಯುವುದಿದ್ದರೆ ಗಾಜಿನ ಹೊರಗೇ ತಡೆಯಬೇಕು. ಬೇಲೂರು, ಸಕಲೇಶಪುರದ ಕಾಫಿ ನರ್ಸರಿಗಳಲ್ಲಿ ಕಟ್ಟುತ್ತಾರಲ್ಲ, ಆ ಹಸಿರು ನೆಟ್ ತಂದೆ. ಮೀಟರ್ ಲೆಕ್ಕದಲ್ಲಿ ಸಿಗುತ್ತದೆ, 50, 75 ಅಂತ ನೆರಳಿನ ಪ್ರಮಾಣದ ಮೇಲೆ ನಂಬರ್ ಇರುತ್ತದೆ. 75ರದ್ದು ತಂದು ಅಂಚು ಮಡಚಿ ಹೊಲಿದು, ಸಜ್ಜಾದಿಂದ ಗೋಡೆಗೆ ತಾಗದ ಹಾಗೆ ಇಳಿಬಿಟ್ಟೆ. ಬೆಳಕು ಸ್ವಲ್ಪ ಕಡಿಮೆಯಾಯಿತು, ಕಪ್ಪು ಬಟ್ಟೆಗೆ ಕಪ್ಪು ದಾರದ ಹೊಲಿಗೆ ಹಾಕುವಾಗ ಎಲ್‌ಇಡಿ ಹಚ್ಚಿಕೊಳ್ಳುತ್ತೇನೆ.

ಇನ್ನು ನಮ್ಮೂರಿನ ನಿಜವಾದ ಆಸ್ತಿ ರಾತ್ರಿಯ ಗಾಳಿ. ಎತ್ತರದ ಊರಾದ್ದರಿಂದ ಹಗಲು ಎಷ್ಟೇ ಉರಿದರೂ ನಡುರಾತ್ರಿ ಕಳೆದ ಮೇಲೆ ಹೊರಗೆ ತಣ್ಣಗಾಗುತ್ತದೆ. ಬಳ್ಳಾರಿ, ಕಲಬುರಗಿಯವರಿಗೆ ಈ ಅನುಕೂಲ ಎಲ್ಲಿದೆ? ಆದರೆ ನಾವು ಮಾಡುವುದು ಉಲ್ಟಾ. ಮಧ್ಯಾಹ್ನ ಗಾಳಿ ಬರಲಿ ಅಂತ ಕಿಟಕಿ ತೆರೆದಿಟ್ಟು ಬಿಸಿಗಾಳಿ ತುಂಬಿಕೊಳ್ಳುತ್ತೇವೆ, ಸಂಜೆ ಸೊಳ್ಳೆ ಬರುತ್ತದೆ ಅಂತ ಮುಚ್ಚಿ ಅದೇ ಬಿಸಿಯಲ್ಲಿ ಮಲಗುತ್ತೇವೆ. ಈಗ ನಾನು ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿದ್ದೇನೆ. ರಾತ್ರಿ ಎಲ್ಲ ಕಿಟಕಿ ತೆರೆದಿರುತ್ತವೆ. ಒಂದು ಕಿಟಕಿಯ ಹತ್ತಿರ ಟೇಬಲ್ ಫ್ಯಾನ್ ಇಟ್ಟು ಅದರ ಮುಖವನ್ನು ಹೊರಗೆ ತಿರುಗಿಸುತ್ತೇನೆ. ನೋಡಿದವರಿಗೆ ವಿಚಿತ್ರ ಅನ್ನಿಸುತ್ತದೆ, ಆದರೆ ಅದು ಒಳಗಿನ ಬಿಸಿಗಾಳಿಯನ್ನು ಹೊರಗೆ ತಳ್ಳಿದಂತೆಲ್ಲ ಎದುರು ಕಿಟಕಿಯಿಂದ ತಂಪು ಗಾಳಿ ತಾನಾಗಿ ಒಳಗೆ ಬರುತ್ತದೆ. ಬೆಳಗ್ಗೆ ಒಂಬತ್ತಕ್ಕೆಲ್ಲ ಎಲ್ಲ ಮುಚ್ಚುತ್ತೇನೆ. ಹೊರಗೆ ಒಳಗಿಗಿಂತ ತಣ್ಣಗಿದೆ ಅನ್ನಿಸುವ ತನಕ ಮತ್ತೆ ತೆರೆಯುವುದಿಲ್ಲ.

ಸೀಲಿಂಗ್ ಫ್ಯಾನ್ ಬಗ್ಗೆ ಒಂದು ಮಾತು. ಫ್ಯಾನ್ ರೂಮನ್ನು ತಣ್ಣಗೆ ಮಾಡುವುದಿಲ್ಲ, ಬೆವರು ಆರಿಸಿ ಮೈಯನ್ನು ತಣ್ಣಗೆ ಮಾಡುತ್ತದೆ. ಕಾದ ಸೀಲಿಂಗ್ ಕೆಳಗೆ ಅದು ಮೇಲಿನ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಹಾಗಾಗಿ ಮಧ್ಯಾಹ್ನ ನಾನು ಸ್ಟ್ಯಾಂಡ್ ಫ್ಯಾನನ್ನೇ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಮುಂದೆ ಒಂದು ಒದ್ದೆ ಟವೆಲ್ ನೇತು ಹಾಕಿದರೆ ಮಾರ್ಚ್‌ನ ಒಣ ಗಾಳಿಯಲ್ಲಿ ತುಂಬಾ ಹಿತ. ಎರಡು ಮಳೆ ಬಿದ್ದ ಮೇಲೆ ಗಾಳಿಯಲ್ಲಿ ತೇವ ಜಾಸ್ತಿಯಾಗಿ ಇದರಿಂದ ಅಂಟಂಟು ಆಗುತ್ತದೆ, ಆಗ ತೆಗೆದುಬಿಡುತ್ತೇನೆ. ಕೂಲರ್‌ಗೂ ಇದೇ ಮಾತು. ಕಿಟಕಿ ಮುಚ್ಚಿಕೊಂಡು ಕೂಲರ್ ಹಾಕಿದರೆ ಸ್ವಲ್ಪ ಹೊತ್ತಿಗೆ ಉಸಿರು ಕಟ್ಟುತ್ತದೆ.

ಮನೆಯೊಳಗೆ ನಾವೇ ಹುಟ್ಟಿಸುವ ಬಿಸಿ ಇದೆಯಲ್ಲ, ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಇಸ್ತ್ರಿ ಪೆಟ್ಟಿಗೆ ಸಾವಿರ ವಾಟ್ ಅಂದರೆ ಅದಿಷ್ಟೂ ಕೊನೆಗೆ ರೂಮಿನಲ್ಲೇ ಬಿಸಿಯಾಗಿ ಉಳಿಯುತ್ತದೆ. ಮೊದಲೆಲ್ಲ ಒಂದು ರವಿಕೆ ಮುಗಿದ ಹಾಗೆ ಒಂದು ಇಸ್ತ್ರಿ. ಈಗ ಬೆಳಗ್ಗೆ ಐದೂವರೆಗೆ ಎದ್ದು ಹಿಂದಿನ ದಿನದ್ದೆಲ್ಲ ಒಟ್ಟಿಗೆ ಇಸ್ತ್ರಿ ಮಾಡಿ, ಕ್ಯಾನ್ವಾಸ್ ಅಂಟಿಸುವುದಿದ್ದರೆ ಅದನ್ನೂ ಆಗಲೇ ಮುಗಿಸುತ್ತೇನೆ. ಮಷಿನ್ ಕೆಲಸ ಬೆಳಗ್ಗೆ. ಮಧ್ಯಾಹ್ನ ಒಂದರಿಂದ ನಾಲ್ಕು ನೆಲದ ಮೇಲೆ ಕೂತು ಕೈಕೆಲಸ, ಹುಕ್ಕು, ಕಾಜ, ಹೆಮ್ಮಿಂಗ್. ನೆಲ ಯಾವಾಗಲೂ ತಣ್ಣಗಿರುತ್ತದೆ. ಗಿರಾಕಿಗಳಿಗೂ ಹೇಳಿಬಿಟ್ಟಿದ್ದೇನೆ, ಅಳತೆ ಕೊಡಲು ಬೆಳಗ್ಗೆ ಬನ್ನಿ ಇಲ್ಲವೇ ಆರರ ಮೇಲೆ. ಅಡುಗೆಯೂ ಎಂಟೂವರೆಗೆಲ್ಲ ಮುಗಿಯುತ್ತದೆ. ಮಧ್ಯಾಹ್ನಕ್ಕೆ ಮುದ್ದೆ ಬಿಸಿಯೇ ಆಗಬೇಕು ಅನ್ನುವವರು ನಮ್ಮ ಮನೆಯವರು. ಏಪ್ರಿಲ್, ಮೇ ಎರಡು ತಿಂಗಳು ಮುದ್ದೆ ರಾತ್ರಿಗೆ, ಮಧ್ಯಾಹ್ನ ಅನ್ನ ಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಅಂತ ತೀರ್ಮಾನ ಆಯಿತು. ಎರಡು ಮೂರು ದಿನ ಮುಖ ಊದಿಸಿಕೊಂಡರು, ಆಮೇಲೆ ಒಗ್ಗಿತು.

ಅತ್ತೆಯ ವಿಷಯಕ್ಕೆ ಬರುತ್ತೇನೆ, ಇದು ಎಲ್ಲಕ್ಕಿಂತ ಮುಖ್ಯ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗುವುದಿಲ್ಲ. ರಾತ್ರಿ ಪದೇ ಪದೇ ಏಳಬೇಕಾಗುತ್ತದೆ ಅಂತ ನೀರನ್ನೇ ಕಡಿಮೆ ಮಾಡುತ್ತಾರೆ. ಒಂದು ಮಧ್ಯಾಹ್ನ ಅತ್ತೆ ಎದ್ದು ನಿಂತವರು ತಲೆ ಸುತ್ತಿ ಗೋಡೆ ಹಿಡಿದುಕೊಂಡರು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಅವರು ಮೊದಲು ಕೇಳಿದ್ದೇ ಯಾವ ಬಿಪಿ ಮಾತ್ರೆ ಅಂತ. ಕೆಲವು ಬಿಪಿ ಮಾತ್ರೆಗಳು ಮೂತ್ರದ ಮೂಲಕ ಮೈಯ ನೀರನ್ನು, ಉಪ್ಪನ್ನು ಹೊರಗೆ ಹಾಕುತ್ತವೆ, ಬೇಸಿಗೆಯಲ್ಲಿ ಅದನ್ನು ನೋಡಿಕೊಳ್ಳಬೇಕಾಗುತ್ತದೆ. ಡಾಕ್ಟರ್ ಪ್ರಮಾಣ ಬದಲಿಸಿದರು. ನಾವಾಗಿಯೇ ಮಾತ್ರೆ ನಿಲ್ಲಿಸಬಾರದು, ಆದರೆ ಮಾರ್ಚ್‌ನಲ್ಲಿ ಒಮ್ಮೆ ಹೋಗಿ ಕೇಳಿಕೊಂಡು ಬನ್ನಿ.

ಈಗ ಅವರಿಗೆ ನೀರು ಕುಡಿಯಿರಿ ಅಂತ ಹೇಳುವುದನ್ನೇ ಬಿಟ್ಟಿದ್ದೇನೆ. ಕೈಗೇ ಕೊಡುತ್ತೇನೆ. ಬೆಳಗ್ಗೆ ರಾಗಿ ಅಂಬಲಿ, ಹನ್ನೊಂದಕ್ಕೆ ನೀರು ಮಜ್ಜಿಗೆ, ಮೂರಕ್ಕೆ ಬೆಲ್ಲ ನಿಂಬೆ ಏಲಕ್ಕಿ ಹಾಕಿದ ಪಾನಕ. ಶುಗರ್ ಇದ್ದವರಿಗೆ ಪಾನಕ ಬೇಡ, ಮಜ್ಜಿಗೆಯೇ ಸಾಕು. ಮಣ್ಣಿನ ಮಡಕೆಯಲ್ಲಿ ಒಂದು ಹಿಡಿ ಲಾವಂಚದ ಬೇರು ಹಾಕಿಟ್ಟರೆ ಆ ಘಮಕ್ಕೇ ಅವರು ಇನ್ನೊಂದು ಲೋಟ ಕೇಳುತ್ತಾರೆ. ಭೇದಿಯಾಗಿ ಸುಸ್ತಾದಾಗ ಮೆಡಿಕಲ್ ಸ್ಟೋರ್‌ನ ಓಆರ್‌ಎಸ್ ಪೊಟ್ಟಣವೇ ಒಳ್ಳೆಯದು, ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಜಾಸ್ತಿ ಆಗಲೇಬಾರದು. ಹಾರ್ಟ್, ಕಿಡ್ನಿ ತೊಂದರೆ ಇರುವವರು ಎಷ್ಟು ನೀರು ಕುಡಿಯಬೇಕು ಅನ್ನುವುದನ್ನೂ ಡಾಕ್ಟರನ್ನೇ ಕೇಳಬೇಕು.

ತಲೆಸುತ್ತು, ಸುಸ್ತು ಒಂದು ಮಟ್ಟ. ಮಾತು ತೊದಲಿದರೆ, ಯಾರು ಏನು ಅಂತ ಗೊತ್ತಾಗದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಹೀಟ್ ಸ್ಟ್ರೋಕ್. ಕಾಯಬಾರದು, 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವ ತನಕ ನೆರಳಲ್ಲಿ ಮಲಗಿಸಿ, ಬಟ್ಟೆ ಸಡಿಲ ಮಾಡಿ, ಮೈಮೇಲೆ ನೀರು ಹಾಕುತ್ತಾ ಗಾಳಿ ಬೀಸುತ್ತಲೇ ಇರಬೇಕು. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಇದನ್ನು ಮಗನಿಗೂ ಹೇಳಿಕೊಟ್ಟಿದ್ದೇನೆ, ನಾನು ಮಾರುಕಟ್ಟೆಗೆ ಹೋದಾಗ ಅಜ್ಜಿ ಜೊತೆ ಇರುವವನು ಅವನೇ ಅಲ್ವಾ.

ಇನ್ನು ಉಳಿದಿರುವುದು ಪಶ್ಚಿಮದ ಗೋಡೆ. ನೆಟ್ ಕಿಟಕಿಯನ್ನು ಮಾತ್ರ ಕಾಯುತ್ತದೆ, ಗೋಡೆ ಈಗಲೂ ಕಾಯುತ್ತದೆ. ಕೆಳಗೆ ಮಾಲೀಕರ ಜಾಗದಲ್ಲಿ ಎರಡಡಿ ಮಣ್ಣು ಇದೆ. ಅಲ್ಲಿ ಒಂದು ಹೊಂಗೆ ಗಿಡ ಹಾಕೋಣ ಅಂತ ಕೇಳಿದೆ, ಯುಗಾದಿ ಹೊತ್ತಿಗೆ ಹೊಸ ಎಲೆ ತುಂಬಿಕೊಂಡು ಸರಿಯಾಗಿ ಬಿಸಿಲಿನ ಕಾಲಕ್ಕೇ ನೆರಳು ಕೊಡುವ ಮರ ಅದು. ಬೇರು ಪಾಯಕ್ಕೆ ಹೋಗುತ್ತದೆ ಅಂದರು, ಆ ಭಯವೂ ಸರಿಯೇ. ಕೊನೆಗೆ ಅವರೇ ಹೀರೆ ಬಳ್ಳಿ ಹಬ್ಬಿಸು ಅಂದರು. ಜನವರಿಯಲ್ಲಿ ಬೀಜ ಹಾಕಿದರೆ ಮಾರ್ಚ್ ಕೊನೆಗೆ ಮಹಡಿ ಎತ್ತರಕ್ಕೆ ಬರುತ್ತದೆ, ದಾರ ಕಟ್ಟುವ ಕೆಲಸ ನನ್ನದು, ನೀರು ಹಾಕುವುದು ಅವರದು, ಕಾಯಿ ಇಬ್ಬರಿಗೂ ಅಂತ ಮಾತಾಗಿದೆ.