ಪರೀಕ್ಷೆ ಪಾಸಾಯಿತು, ದೋಷ ಹೋಯಿತೇ? ಗ್ರಾಫಿಕ್ಸ್ ಪ್ಯಾಚ್ ಪರಿಶೀಲಿಸುವ ಬಗೆ

ಲಿನಕ್ಸ್ ಆಪರೇಟಿಂಗ್ ಸಿಸ್ಟಂಗಾಗಿ ಕೆಲಸ ಮಾಡಲು ತುಮಕೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಬಿ.ಎಚ್. ರಸ್ತೆಯ ಬದಿಯ ಬಾಡಿಗೆ ಕೊಠಡಿಯೇ ಸಾಕು. ಲಿನಕ್ಸ್‌ನ ಗ್ರಾಫಿಕ್ಸ್ ಡ್ರೈವರ್‌ಗಳನ್ನು (ಪರದೆಯ ಚಿತ್ರ ನಿಭಾಯಿಸುವ ತಂತ್ರಾಂಶಗಳನ್ನು) ಒರೆಗೆ ಹಚ್ಚುವ ಐಜಿಟಿ ಪರೀಕ್ಷೆಗಳ ಕೋಡ್ ಎಲ್ಲರಿಗೂ ತೆರೆದಿದೆ. ಅದಕ್ಕೆ ಬಂದ ಪ್ಯಾಚನ್ನು, ಅಂದರೆ ಕೋಡ್‌ಗೆ ಸೂಚಿಸಿದ ತಿದ್ದುಪಡಿಯನ್ನು, ಓದಿ ಅಭಿಪ್ರಾಯ ಹೇಳಲು ಯಾರ ಅಪ್ಪಣೆಯೂ ಬೇಡ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಎಂಬುದು ನನ್ನ ಖಚಿತ ನಂಬಿಕೆ.

ಮೊದಲು ಪ್ಯಾಚ್‌ನ ವಿವರಣೆ ಓದಿ

ಯಾವ ಪರೀಕ್ಷೆ, ಯಾವ ಹಾರ್ಡ್‌ವೇರ್‌ನಲ್ಲಿ, ಏಕೆ ಸೋಲುತ್ತಿತ್ತು? ದೋಷ ಹೊಕ್ಕಿದ್ದು ಯಾವ ಕಮಿಟ್‌ನಿಂದ (ಹಿಂದೆ ಕೋಡ್‌ಗೆ ಸೇರಿದ ಬದಲಾವಣೆಯಿಂದ) ಎಂಬುದು ಗೊತ್ತಿದ್ದರೆ ವಿವರಣೆಯ ‘ಫಿಕ್ಸಸ್’ ಸಾಲಿನಲ್ಲಿ ಅದು ಇರಬೇಕು. ‘ಆಗಾಗ ಸೋಲುತ್ತಿತ್ತು, ಈಗ ಇಲ್ಲ’ ಎಂದಷ್ಟೇ ಬರೆದಿದ್ದರೆ ಕಾರಣ ಕೇಳಿ.

ಆಮೇಲೆ ಕೋಡ್

ಪರದೆಯ ಚಿತ್ರ ಬದಲಾಯಿತೇ ಎಂದು ನೋಡುವ ಪರೀಕ್ಷೆಯೊಂದು 17 ಮಿಲಿಸೆಕೆಂಡ್ ಕಾಯುತ್ತಿತ್ತು, ಪ್ಯಾಚ್ ಅದನ್ನು 25ಕ್ಕೆ ಏರಿಸಿದೆ ಎಂದುಕೊಳ್ಳಿ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್‌ಗೆ ಸುಮಾರು 16.7 ಮಿಲಿಸೆಕೆಂಡ್, 30 ಹರ್ಟ್ಸ್‌ನಲ್ಲಾದರೆ 33.3. ಅಲ್ಲಿಗೆ 25 ಸಾಲದು, ಪರೀಕ್ಷೆ ಮತ್ತೆ ಸೋಲುತ್ತದೆ. ಅಂದಾಜಿನಲ್ಲಿ ಕಾಯುವುದನ್ನು ಬಿಟ್ಟು, ಫ್ಲಿಪ್ (ಪರದೆಗೆ ಹೊಸ ಚಿತ್ರ ಬರುವುದು) ಮುಗಿದಾಗ ಡ್ರೈವರ್ ಕಳುಹಿಸುವ ಈವೆಂಟ್‌ಗೆ, ಅಂದರೆ ಸೂಚನೆಗೆ, ಕಾಯಿರಿ ಎಂದು ಸೂಚಿಸಿ.

ಇದಕ್ಕಿಂತ ಅಪಾಯಕಾರಿಯಾದದ್ದು ಒಂದೇ ಪದದ ಬದಲಾವಣೆ: ‘ಅಸರ್ಟ್’ ಇದ್ದಲ್ಲಿ ‘ರಿಕ್ವೈರ್’ ಹಾಕುವುದು. ಐಜಿಟಿಯಲ್ಲಿ ‘ಅಸರ್ಟ್’ ಎಂದು ಬರೆದ ಷರತ್ತು ತಪ್ಪಿದರೆ ಪರೀಕ್ಷೆ ಫೇಲ್. ‘ರಿಕ್ವೈರ್’ ಎಂದು ಬರೆದದ್ದು ತಪ್ಪಿದರೆ ಸ್ಕಿಪ್, ಅಂದರೆ ಪರೀಕ್ಷೆಯನ್ನೇ ಬಿಟ್ಟುಬಿಡುವುದು. ಹಾರ್ಡ್‌ವೇರ್‌ಗೆ ಆ ಸೌಲಭ್ಯವೇ ಇಲ್ಲದಿದ್ದರೆ ಸ್ಕಿಪ್ ನ್ಯಾಯ. ಡ್ರೈವರ್ ತಪ್ಪು ಮಾಡಿದಾಗಲೂ ಸ್ಕಿಪ್ ಬಂದರೆ ದೋಷ ಇದ್ದಲ್ಲೇ ಇರುತ್ತದೆ, ವರದಿಯಿಂದ ಮಾತ್ರ ಮಾಯವಾಗುತ್ತದೆ. ಇಂಥ ಸಾಲು ಕಂಡರೆ ಒಪ್ಪಿಗೆ ಕೊಡಲೇಬೇಡಿ.

ಓಡಿಸಿ ನೋಡಿ

ಮೆಸನ್, ನಿಂಜಾ ಎಂಬ ಸಾಧನಗಳನ್ನು ಬಳಸಿ ಕೋಡನ್ನು ಬಿಲ್ಡ್ ಮಾಡಿ. ಪರದೆಯ ಹಿಡಿತ ಡೆಸ್ಕ್‌ಟಾಪ್ ಕೈಯಲ್ಲಿರುತ್ತದೆ. ಆದ್ದರಿಂದ ಅದನ್ನು ನಿಲ್ಲಿಸಿ, ಟೆಕ್ಸ್ಟ್ ಕನ್ಸೋಲ್‌ನಲ್ಲಿ ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಪರೀಕ್ಷೆ ಓಡಿಸಿ. ತಕ್ಕ ಹಾರ್ಡ್‌ವೇರ್ ಇಲ್ಲವೇ? 2018ರ 4.19 ಆವೃತ್ತಿಯಿಂದ ಕರ್ನಲ್‌ನಲ್ಲೇ (ಲಿನಕ್ಸ್‌ನ ತಿರುಳಿನಲ್ಲೇ) ಇರುವ ವಿಕೆಎಂಎಸ್ ಎಂಬ ವರ್ಚುವಲ್ ಡ್ರೈವರ್ ಇದೆ. ನಿರ್ದಿಷ್ಟ ಚಿಪ್‌ನ ದೋಷಕ್ಕೆ ಅದು ಸಾಲದು. ಆಗ ಕಾಲೇಜಿನ ಪ್ರಯೋಗಾಲಯದ ಹಳೆಯ ಕಂಪ್ಯೂಟರ್‌ಗಳನ್ನು ಅನುಮತಿ ಪಡೆದು ಬಳಸಿ; ಹೊಸ ಯಂತ್ರದಲ್ಲಿ ಕಾಣದ ಎಷ್ಟೋ ದೋಷಗಳು ಅವುಗಳಲ್ಲಿ ಕಾಣುತ್ತವೆ.

ಪ್ಯಾಚ್ ಹಾಕುವ ಮೊದಲೇ ಒಮ್ಮೆ ಓಡಿಸುವುದನ್ನು ಮರೆಯಬೇಡಿ. ಆಗ ಪರೀಕ್ಷೆ ಸೋಲದಿದ್ದರೆ, ಪ್ಯಾಚ್ ಹಾಕಿದ ಮೇಲೆ ಗೆದ್ದುದರಿಂದ ಏನೂ ತಿಳಿಯುವುದಿಲ್ಲ. ಆಗೊಮ್ಮೆ ಈಗೊಮ್ಮೆ ಸೋಲುವ ಪರೀಕ್ಷೆಯಾದರೆ ಎರಡೂ ಸ್ಥಿತಿಯಲ್ಲಿ ನೂರಾರು ಸಲ ಓಡಿಸಿ. ಕೊನೆಗೆ, ಪರೀಕ್ಷೆ ನಿರೀಕ್ಷಿಸುವ ಮೌಲ್ಯವನ್ನು ಬೇಕೆಂದೇ ತಪ್ಪಾಗಿ ಬದಲಿಸಿ ನೋಡಿ. ಆಗಲೂ ಪಾಸಾದರೆ ಅದು ಏನನ್ನೂ ಪರೀಕ್ಷಿಸುತ್ತಿಲ್ಲ.

ಉತ್ತರ ಬರೆಯುವಾಗ

ಆಕ್ಷೇಪವನ್ನು ಪ್ಯಾಚ್‌ನ ಆಯಾ ಸಾಲಿನ ಕೆಳಗೇ ಬರೆಯಿರಿ; ಯಾವ ಯಂತ್ರ, ಯಾವ ಕರ್ನಲ್ ಎಂಬುದನ್ನೂ ಸೇರಿಸಿ. ಓಡಿಸಿ ನೋಡಿದ್ದಷ್ಟೇ ಆದರೆ ‘ಟೆಸ್ಟೆಡ್-ಬೈ’ ಎಂದು ಹೆಸರು ಹಾಕಿ. ಕೋಡ್ ಪೂರ್ತಿ ಓದಿ, ಅರ್ಥವಾಗಿ, ಕೇಳಿದ ಪ್ರಶ್ನೆಗಳಿಗೆ ಉತ್ತರವೂ ಸಿಕ್ಕ ಮೇಲೆ ‘ರಿವ್ಯೂಡ್-ಬೈ’ ಕೊಡಿ.