ರೋಗಿಗಿಂತ ಮೊದಲು ಫೈಲು ಹೊರಡಲಿ

ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ದೊಡ್ಡ ಕಾಯಿಲೆ ಅಂದರೆ ಮಂಗಳೂರು. ಅಲ್ಲಿಯ ಡಾಕ್ಟರು ಸ್ವಲ್ಪ ಮುಖ ಗಂಟಿಕ್ಕಿದರೆ ಸಾಕು, ಗಲ್ಫಿನಲ್ಲಿರುವ ಅಳಿಯ 'ಹೊರದೇಶಕ್ಕೆ ಕರ್ಕೊಂಡು ಹೋಗೋಣ' ಎಂದು ಫೋನ್ ಮಾಡುತ್ತಾನೆ. ಟಿಕೆಟಿಗೆ ಅವಸರ ಬೇಡ, ಮೊದಲು ದಾಖಲೆ ಕಳಿಸಿ ಬೇರೆ ಡಾಕ್ಟರರ ಎರಡನೇ ಅಭಿಪ್ರಾಯ ಕೇಳಿ. ಹಾಗಂತ ಹೃದಯಾಘಾತ, ಪಾರ್ಶ್ವವಾಯುವಿಗೆಲ್ಲ ಎರಡನೇ ಅಭಿಪ್ರಾಯ ಹುಡುಕುತ್ತಾ ಕೂರಬಾರದು.

ಮೊದಲು ಆಸ್ಪತ್ರೆಗೆ ಅರ್ಜಿ ಬರೆದು ದಾಖಲೆ ಕೇಳಿ. 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯರ ನಡತೆಯ 2002ರ ನಿಯಮವೇ ಹೇಳುತ್ತದೆ. ಡಾಕ್ಟರಿಗೆ ಬೇಜಾರಾದೀತು ಅಂತ ಹಿಂಜರಿಯಬೇಡಿ. ಒಳ್ಳೆ ಡಾಕ್ಟರಿಗೆ ಇದು ಮಾಮೂಲಿ.

ಡಿಸ್ಚಾರ್ಜ್ ಸಮ್ಮರಿ, ರಕ್ತಪರೀಕ್ಷೆ ಸುಲಭವಾಗಿ ಸಿಗುತ್ತವೆ. ಎಡವುವುದು ಸ್ಕ್ಯಾನ್‌ನಲ್ಲಿ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ತೆಗೆದ ವಾಟ್ಸಾಪ್ ಫೋಟೋದಿಂದ ಏನೂ ಗೊತ್ತಾಗುವುದಿಲ್ಲ. ಡೈಕಾಮ್ ಫೈಲಿರುವ, ಅಂದರೆ ಸ್ಕ್ಯಾನಿನ ಮೂಲ ಡಿಜಿಟಲ್ ಚಿತ್ರಗಳಿರುವ ಸಿಡಿ ಕೇಳಿ ಪಡೆಯಿರಿ.

ಗಡ್ಡೆಯಾದರೆ ಬಯಾಪ್ಸಿ ವರದಿಯ ಜೊತೆ ಸ್ಲೈಡು, ಬ್ಲಾಕು ಎರಡೂ ಬೇಕು. ಸ್ಲೈಡು ಅಂದರೆ ಮಾಂಸದ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿ. ಬ್ಲಾಕು ಅಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಪ್ಲಾಸ್ಟಿಕ್ ಚೌಕಟ್ಟು, ಮೇಣದೊಳಗೆ ಮಾಂಸದ ಚೂರು ಇರುತ್ತದೆ. ಅಂಚಿನಲ್ಲಿ ಬರೆದ ನಂಬರು ವರದಿಯ ನಂಬರಿಗೆ ತಾಳೆಯಾಗಬೇಕು, ಲ್ಯಾಬಿನಲ್ಲೇ ನೋಡಿಕೊಳ್ಳಿ. ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಇಡಬೇಡಿ, ಮೇಣ ಅಲ್ವಾ!

ಕ್ಯಾನ್ಸರಿಗೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್, ತಿರುವನಂತಪುರದ ಆರ್‌ಸಿಸಿ (ರೀಜನಲ್ ಕ್ಯಾನ್ಸರ್ ಸೆಂಟರ್), ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ ಇವೆ. ಇಲ್ಲೆಲ್ಲ ತೋರಿಸಿದ ಮೇಲೆ ವಿದೇಶದ ಮಾತು. ಅಲ್ಲಿಗೂ ಮೊದಲು ಫೈಲನ್ನೇ ಕಳಿಸಿ. ಮಲಯಾಳದಲ್ಲಿರುವ ಚೀಟಿಗಳನ್ನು ಇಂಗ್ಲಿಷಿಗೆ ಮಾಡಿಸಿ, ಮೇಲೆ ಒಂದು ಪುಟದ ವಿವರ ಇಡಿ. ಪ್ರಶ್ನೆ ನೇರವಾಗಿರಲಿ: ರೋಗ ಅದೇನಾ? ಇಲ್ಲಿ ಸಿಗದ ಯಾವ ಚಿಕಿತ್ಸೆ ನಿಮ್ಮಲ್ಲಿದೆ? ಅದರಿಂದ ಎಷ್ಟು ಲಾಭ? ಮೂರನೆಯದಕ್ಕೆ ಉತ್ತರ ತೇಲಿಸಿದರೆ ಅಲ್ಲಿಗೇ ನಿಲ್ಲಿಸಿ.

ಹೋಗುವುದೇ ಆದರೆ ಆಸ್ಪತ್ರೆಯಿಂದ ಖರ್ಚಿನ ಅಂದಾಜು ಮತ್ತು ವೀಸಾಕ್ಕೆ ಪತ್ರ ತರಿಸಿ. ವರ್ಷಕ್ಕೆ ಒಬ್ಬರು 2.5 ಲಕ್ಷ ಡಾಲರ್‌ವರೆಗೆ ಬ್ಯಾಂಕಿನ ಮೂಲಕ ಕಳಿಸಬಹುದು. ಚಿಕಿತ್ಸೆಗೆ ಜಾಸ್ತಿ ಬೇಕಾದರೆ ಆ ಅಂದಾಜೇ ಆಧಾರ. ಪ್ರವಾಸದ ವಿಮೆ ನಂಬಬೇಡಿ, ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಆಮ್ಲಜನಕ ಅಥವಾ ಸ್ಟ್ರೆಚರ್ ಬೇಕಿದ್ದರೆ ವಿಮಾನ ಕಂಪನಿಗೆ ಡಾಕ್ಟರು ತುಂಬಿದ ಫಾರಂ ಮುಂಚೆಯೇ ತಲುಪಬೇಕು.

ವಾಪಸ್ ಬಂದ ಮೇಲೆ ನೋಡಿಕೊಳ್ಳುವುದು ಊರಿನ ಡಾಕ್ಟರೇ. ಅಲ್ಲಿಯ ಔಷಧ ಇಲ್ಲಿ ಸಿಗುತ್ತದೆಯೇ ಎಂದು ಹೊರಡುವ ಮುಂಚೆ ಅವರನ್ನೇ ಕೇಳಿ.