ಸಿಮ್ಯುಲೇಟರ್ ಬಿಟ್ಟು ನಿಜವಾದ ಸೆಸ್ನಾ ಹತ್ತುವ ಮುಂಚೆ

ಮನೆಯ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರಿನಲ್ಲಿ ನನ್ನ ಲೆಕ್ಕ 1100 ಗಂಟೆ ದಾಟಿತ್ತು. ಮಂಗಳೂರಿನ ಬಜ್ಪೆ ಗುಡ್ಡದ ಮೇಲೆ ಜಡಿಮಳೆಯಲ್ಲಿ ಏರ್‌ಬಸ್ ಇಳಿಸಿದ್ದೆ. ರಾತ್ರಿ ಒಂದು ಗಂಟೆಗೆ ಹೆಂಡತಿ ಬೈದರೂ ‘ಇನ್ನು ಹತ್ತು ನಿಮಿಷ, ಅಪ್ರೋಚ್‌ನಲ್ಲಿದ್ದೀನಿ’ ಅಂದಿದ್ದೆ. ಆದರೆ ನಾಲ್ಕು ಸೀಟಿನ ಪುಟ್ಟ ವಿಮಾನವಾದ ನಿಜವಾದ ಸೆಸ್ನಾ 172ರಲ್ಲಿ ಮೊದಲ ಸಲ ಕೂತ ದಿನ, ರನ್‌ವೇ ತನಕ ವಿಮಾನವನ್ನು ನೆಟ್ಟಗೆ ಉರುಳಿಸಿಕೊಂಡು ಹೋಗಲಿಕ್ಕೂ ನನ್ನಿಂದ ಆಗಲಿಲ್ಲ. ಟ್ಯಾಕ್ಸಿವೇಯ ಹಳದಿ ಗೆರೆಯ ಆ ಕಡೆ ಈ ಕಡೆ ಓಲಾಡಿದೆ. ಹಿಂದಿನ ಸೀಟಿನಲ್ಲಿ ವಿಡಿಯೋ ಮಾಡುತ್ತಿದ್ದ ಹೆಂಡತಿ ಆಮೇಲೆ ಕೇಳಿದ ಮೊದಲ ಪ್ರಶ್ನೆ: ‘ನಿಮ್ಮ ಕಾಲು ಜೋಮು ಹಿಡಿದಿತ್ತಾ?’

ಇದು ನಡೆದದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದಲ್ಲಿ. ಕಂಪನಿ ಕೆಲಸಕ್ಕೆ ಅಲ್ಲಿ 14 ತಿಂಗಳು ಇದ್ದೆ. ಅಮೆರಿಕದ ಹೆಚ್ಚಿನ ಫ್ಲೈಯಿಂಗ್ ಸ್ಕೂಲುಗಳಲ್ಲಿ ‘ಡಿಸ್ಕವರಿ ಫ್ಲೈಟ್’ ಅಂತ ಇರುತ್ತದೆ. ಎಡಗಡೆಯ ಸೀಟು ನಿಮ್ಮದು, ಬಲಗಡೆ ಇನ್‌ಸ್ಟ್ರಕ್ಟರ್. ಅರ್ಧ ಮುಕ್ಕಾಲು ಗಂಟೆ ಆಕಾಶದಲ್ಲಿ, ಅದರಲ್ಲಿ ಬಹುಪಾಲು ಹೊತ್ತು ಯೋಕ್ (ವಿಮಾನ ಓಡಿಸುವ ಹಿಡಿಕೆ) ನಿಮ್ಮ ಕೈಯಲ್ಲಿ. ನಾನು ಕೊಟ್ಟಿದ್ದು 200 ಡಾಲರಿಗಿಂತ ಸ್ವಲ್ಪ ಜಾಸ್ತಿ. ಸಿಮ್ ಆಡುವ ನಮ್ಮವರು ಇಂಥ ಮೊದಲ ಹಾರಾಟಕ್ಕೆ ಹೇಗೆ ತಯಾರಾಗಬೇಕು ಅಂತ, ಮುಖ ಕೆಡಿಸಿಕೊಂಡು ಕಲಿತವನಾಗಿ ಹೇಳುತ್ತೇನೆ.

ವೀಸಾ ಮೇಲೆ ಅಲ್ಲಿರುವವರಿಗೆ ಮೊದಲೇ ಒಂದು ಮಾತು. ಶಾಲೆಯ ಪ್ರಚಾರಕ್ಕೆಂದು ಮಾಡಿಸುವ ಇಂಥ ಒಂದು ಹಾರಾಟಕ್ಕೆ ಸರ್ಕಾರದ ಅನುಮತಿ ಬೇಕಿಲ್ಲ. ಲೈಸೆನ್ಸಿಗೆಂದು ಪಾಠ ಶುರು ಮಾಡುವುದಾದರೆ ಮಾತ್ರ ಅಮೆರಿಕದ ನಾಗರಿಕರಲ್ಲದವರು ಟಿಎಸ್‌ಎ ಸಂಸ್ಥೆಯ ಭದ್ರತಾ ತಪಾಸಣೆ ಮುಗಿಸಿರಬೇಕು. ಎರಡನೇ ಪಾಠಕ್ಕೆ ಹೋಗುವ ಆಸೆ ಇದ್ದರೆ ಆ ಅರ್ಜಿ ಬೇಗ ಹಾಕಿ.

ತಯಾರಿಗೆ ಎರಡು ವಾರ ಇಟ್ಟುಕೊಳ್ಳಿ. ಹೊಸದೇನನ್ನೂ ಕಲಿಯಲಿಕ್ಕಲ್ಲ, ಹಳೆಯ ಚಾಳಿ ಬಿಡಿಸಿಕೊಳ್ಳಲಿಕ್ಕೆ.

ಮೊದಲನೆಯದು ಕಾಲು. ನೆಲದ ಮೇಲೆ ಸೆಸ್ನಾ ತಿರುಗುವುದು ಕಾಲಿನಿಂದ. ಯೋಕ್ ನೋಡಲಿಕ್ಕೆ ಸ್ಟೀರಿಂಗ್ ಥರ ಇದೆ, ತಿರುಗಿಸಿದರೆ ಮೂಗಿನ ಚಕ್ರಕ್ಕೆ ಗೊತ್ತೇ ಆಗುವುದಿಲ್ಲ. ಪೆಡಲಿನ ಕೆಳಭಾಗ ಒತ್ತಿದರೆ ರಡ್ಡರ್ (ಬಾಲದ ಚುಕ್ಕಾಣಿ) ಮತ್ತು ಮೂಗಿನ ಚಕ್ರ ತಿರುಗುತ್ತವೆ, ಮೇಲ್ಭಾಗ ಒತ್ತಿದರೆ ಬ್ರೇಕು. ಹಿಮ್ಮಡಿ ನೆಲಕ್ಕೂರಿ, ಪಾದದ ಮುಂಭಾಗ ಪೆಡಲಿನ ಕೆಳಭಾಗದ ಮೇಲಿರಲಿ. ನಾನು ಪಾದ ಪೂರ್ತಿ ಮೇಲಿಟ್ಟಿದ್ದೆ, ಪ್ರತಿ ತಿರುವಿನಲ್ಲೂ ಗೊತ್ತಿಲ್ಲದೆ ಬ್ರೇಕ್ ಹಾಕುತ್ತಿದ್ದೆ.

ಗಾಳಿಯಲ್ಲೂ ಕಾಲಿಗೆ ಕೆಲಸವಿದೆ. ಪೂರ್ತಿ ಪವರ್ ಕೊಟ್ಟು ಮೂಗೆತ್ತಿ ಏರುವಾಗ ವಿಮಾನ ಎಡಕ್ಕೆ ಎಳೆಯುತ್ತದೆ, ಬಲ ಪೆಡಲ್ ಒತ್ತಿಕೊಂಡೇ ಇರಬೇಕು. ತಿರುಗುವಾಗ ಇನ್ನೊಂದು ತಮಾಷೆ. ಎಡಕ್ಕೆ ವಾಲಿಸಿದರೆ ಬಲ ರೆಕ್ಕೆಯ ಐಲರಾನ್ (ರೆಕ್ಕೆಯ ಹಿಂದಂಚಿನ ಮಡಚುವ ಪಟ್ಟಿ) ಕೆಳಗಿಳಿಯುತ್ತದೆ. ಆ ರೆಕ್ಕೆಗೆ ಲಿಫ್ಟ್, ಅಂದರೆ ಮೇಲೆತ್ತುವ ಬಲ, ಹೆಚ್ಚುತ್ತದೆ, ಜೊತೆಗೆ ಗಾಳಿಯ ಎಳೆತವೂ ಹೆಚ್ಚುತ್ತದೆ. ಹಾಗಾಗಿ ಮೂಗು ಮೊದಲು ಬಲಕ್ಕೆ ಜಾರುತ್ತದೆ. ಅದನ್ನು ತಡೆಯುವುದು ಎಡ ಪೆಡಲ್. ಸಿಮ್‌ನಲ್ಲೂ ಇದೆಲ್ಲ ಇದೆ, ನಾವೇ ‘ಆಟೋ ರಡ್ಡರ್’ ಹಾಕಿಕೊಂಡು ಬಚ್ಚಿಟ್ಟಿರುತ್ತೇವೆ. ಅದನ್ನು ಇವತ್ತೇ ಆಫ್ ಮಾಡಿ. ಪೆಡಲ್ ಸೆಟ್ ಇಲ್ಲದಿದ್ದರೆ ತಿರುಚುವ ಜಾಯ್‌ಸ್ಟಿಕ್ ಸಾಕು. ಆದರೆ ಕೈ ತಿರುಚುವಾಗ ಅದೇ ಕಡೆಯ ಕಾಲನ್ನೂ ನೆಲಕ್ಕೆ ಒತ್ತಿ. ನೋಡಿದವರು ನಗುತ್ತಾರೆ, ನಗಲಿ ಬಿಡಿ. ಬಾಲ್ (ವಿಮಾನ ಪಕ್ಕಕ್ಕೆ ಜಾರುತ್ತಿದೆಯಾ ಅಂತ ತೋರಿಸುವ ಮೀಟರಿನ ಗುಂಡು) ನಡುವಿನಲ್ಲಿ ಇಟ್ಟುಕೊಂಡು 30 ಡಿಗ್ರಿ ವಾಲಿಸಿ ಎಡಕ್ಕೊಂದು ಬಲಕ್ಕೊಂದು ಸುತ್ತು, ದಿನಕ್ಕೆ ಹತ್ತು ಸಲ.

ಎರಡನೆಯದು ಕಣ್ಣು. ಇದು ಕಾಲಿಗಿಂತ ಹಟಮಾರಿ ಚಾಳಿ. ಪರದೆಯ ಮೇಲೆ ಹೊರಗಿನ ನೋಟ ಚಿಕ್ಕದು, ಮೀಟರುಗಳು ಸ್ಪಷ್ಟ. ಹಾಗಾಗಿ ಸಿಮ್ಮರುಗಳು ಎಲ್ಲವನ್ನೂ ಮೀಟರಿನಲ್ಲಿ ಓದುತ್ತೇವೆ. ನನ್ನ ಇನ್‌ಸ್ಟ್ರಕ್ಟರ್ ಐದು ನಿಮಿಷ ಸುಮ್ನೆ ನೋಡಿದರು. ಆಮೇಲೆ ತಮ್ಮ ಟೋಪಿ ತೆಗೆದು ನನ್ನ ಮುಂದಿನ ಮೀಟರುಗಳ ಮೇಲೆ ನೇತುಹಾಕಿದರು. ‘ಈಗ ಓಡಿಸು’ ಅಂದರು. ಎದೆ ಧಸಕ್ಕೆಂದಿತು. ಎರಡೇ ನಿಮಿಷಕ್ಕೆ ನನ್ನ ಎತ್ತರ ಮೊದಲಿಗಿಂತ ಚೆನ್ನಾಗಿ ನಿಂತಿತು. ಕಾರಣ ಸುಲಭ. ಮೀಟರಿನ ಮುಳ್ಳು, ಅದರಲ್ಲೂ ಏರಿಳಿತ ತೋರಿಸುವ ಮುಳ್ಳು, ಸ್ವಲ್ಪ ತಡವಾಗಿ ಮಾತಾಡುತ್ತದೆ. ಅದರ ಹಿಂದೆ ಓಡಿದರೆ ನೀವು ಯಾವಾಗಲೂ ಒಂದು ಹೆಜ್ಜೆ ಹಿಂದೆ. ದಿಗಂತ ತಡಮಾಡುವುದಿಲ್ಲ.

ಮನೆಯಲ್ಲಿ ಇದನ್ನೇ ಮಾಡಿ. ಮಾನಿಟರಿನ ಕೆಳಗಿನ ಅರ್ಧಕ್ಕೆ ಪೇಪರ್ ಅಂಟಿಸಿ. ಮೊದಲು ಕಣ್ಣಿನಿಂದ ದಿಗಂತ ಹಿಡಿದು ವಿಮಾನ ಮಟ್ಟಸ ಮಾಡಿ, ಎಂಜಿನ್ನಿನ ಸದ್ದು ಕೇಳಿ, ಆಮೇಲೆ ಪೇಪರ್ ಎತ್ತಿ ಎತ್ತರ ನೋಡಿ. ನಿಜವಾದ 172ರಲ್ಲಿ ಮಟ್ಟಸವಾಗಿ ಹಾರುವಾಗ ಎಂಜಿನ್ ಮುಚ್ಚಳದ ಮೇಲಂಚಿಗೂ ದಿಗಂತಕ್ಕೂ ನಡುವೆ ನನಗೆ ನಾಲ್ಕು ಬೆರಳಿನ ಜಾಗ ಕಂಡಿತು. ನಿಮ್ಮ ಎತ್ತರಕ್ಕೆ, ಸೀಟಿಗೆ ಅದು ಬೇರೆ ಇರಬಹುದು. ಇನ್ನೊಂದು ವಿಷಯ: ನೀವು ಕೂತಿರುವುದು ಎಡಗಡೆ, ನಡುವಿನಲ್ಲಲ್ಲ. ಹಾಗಾಗಿ ಮುಚ್ಚಳದ ಮಧ್ಯಕ್ಕೆ ಗುರಿ ಇಡಬೇಡಿ. ನಿಮ್ಮ ಮೂಗಿನ ನೇರಕ್ಕೆ ಗಾಜಿನ ಮೇಲೆ ಒಂದು ಚುಕ್ಕೆ ಅಂದುಕೊಳ್ಳಿ. ಎಡ ತಿರುವು ಬಲ ತಿರುವು ಯಾಕೆ ಬೇರೆಬೇರೆ ಥರ ಕಾಣುತ್ತವೆ ಅನ್ನುವುದೂ ಆಗ ಅರ್ಥವಾಗುತ್ತದೆ.

ಮೂರನೆಯದು ಕೈ. ಮನೆಯ ಯೋಕ್‌ನಲ್ಲಿ ಸ್ಪ್ರಿಂಗ್ ಇರುತ್ತದೆ, ವೇಗ ಎಷ್ಟೇ ಇದ್ದರೂ ಒಂದೇ ಬಿಗಿ. ನಿಜವಾದ ಯೋಕ್ ವೇಗ ಹೆಚ್ಚಿದಂತೆ ಗಟ್ಟಿಯಾಗುತ್ತದೆ, ವೇಗ ಇಳಿದಂತೆ ಸಡಿಲವಾಗುತ್ತದೆ. ಟ್ರಿಮ್ ಚಕ್ರದ ನಿಜವಾದ ಕೆಲಸ ಅಲ್ಲಿ ಗೊತ್ತಾಯಿತು. ಮೂಗು ಬೇಕಾದ ಕಡೆ ಹಿಡಿಯಿರಿ, ಕೈ ಮೇಲಿನ ಭಾರ ಇಳಿಯುವ ತನಕ ಟ್ರಿಮ್ ಸುತ್ತಿ, ಕೈ ಬಿಟ್ಟರೂ ವಿಮಾನ ಹಾಗೇ ನಿಲ್ಲಬೇಕು. ಟ್ರಿಮ್‌ನಿಂದ ವಿಮಾನ ಓಡಿಸುವುದು ಸಿಮ್ಮರುಗಳ ಕೆಟ್ಟ ಅಭ್ಯಾಸ, ನನಗೂ ಇತ್ತು. ಯೋಕ್ ಹಿಡಿಯಲು ಎರಡು ಬೆರಳು, ಒಂದು ಹೆಬ್ಬೆರಳು ಸಾಕು. ಮುಷ್ಟಿ ಕಟ್ಟಿ ಹಿಡಿದರೆ ಗಾಳಿಯ ಪ್ರತಿ ಕುಲುಕಿಗೂ ನೀವೇ ಇನ್ನೊಂದು ಕುಲುಕು ಸೇರಿಸುತ್ತೀರಿ. ಆ ವಿಡಿಯೋದಲ್ಲಿ ನನ್ನ ಬೆರಳಿನ ಗೆಣ್ಣುಗಳು ಬೆಳ್ಳಗಾಗಿವೆ.

ಹಾಗಂತ 1100 ಗಂಟೆ ನೀರಿನಲ್ಲಿ ಹೋಮ ಮಾಡಿದಂತಾಯಿತು ಅಂದುಕೊಳ್ಳಬೇಡಿ. ಚೆಕ್‌ಲಿಸ್ಟ್ ನನಗೆ ನೀರು ಕುಡಿದಷ್ಟು ಸುಲಭವಾಗಿತ್ತು. ಮೀಟರುಗಳು ಎಲ್ಲಿವೆ ಅಂತ ಹುಡುಕಬೇಕಿರಲಿಲ್ಲ. ವ್ಯಾಟ್‌ಸಿಮ್ ಅನ್ನುವ, ಸಿಮ್ಮರುಗಳೇ ಪೈಲಟ್, ಕಂಟ್ರೋಲರ್ ಆಗುವ ಆನ್‌ಲೈನ್ ಜಾಲದಲ್ಲಿ ಮಾತಾಡಿ ಮಾತಾಡಿ ಟವರಿನ ಅಮೆರಿಕನ್ ಇಂಗ್ಲಿಷ್ ತೊಂಬತ್ತು ಭಾಗ ಅರ್ಥವಾಯಿತು. ‘ರನ್‌ವೇ 31 ರೈಟ್, ಕ್ಲಿಯರ್ಡ್ ಫಾರ್ ಟೇಕಾಫ್’ ಅಂತ ನಾನೇ ಮರುನುಡಿದಾಗ ಇನ್‌ಸ್ಟ್ರಕ್ಟರ್ ಹುಬ್ಬೇರಿಸಿದರು. ಮೆಚ್ಚುಗೆ ಸಿಕ್ಕಿದ್ದು ಅಲ್ಲಿ ಮಾತ್ರ ಅನ್ನಿ. ಈ ನಾಲ್ಕು ಅಂಕಿ ಬಾಯಿಪಾಠ ಇರಲಿ, 172ಎಸ್ ಮಾದರಿಗೆ: ಮೂಗೆತ್ತುವುದು 55 ನಾಟ್, ಏರುವುದು 74, ಎಂಜಿನ್ ನಿಂತರೆ ತೇಲುವುದು 68, ಫ್ಲಾಪ್ (ನಿಧಾನವಾಗಿ ಹಾರಲು ಇಳಿಸುವ ರೆಕ್ಕೆಯ ಪಟ್ಟಿ) ಪೂರ್ತಿ ಇಳಿಸಿ ಇಳಿಯಲು ಬರುವುದು 60–70. ಹಳೆಯ ಮಾದರಿಯಾದರೆ ಅಂಕಿ ಬೇರೆ, ಅಲ್ಲೇ ಕೇಳಿ.

ಬುಕ್ ಮಾಡುವಾಗ ಬೆಳಗಿನ ಹೊತ್ತು ಕೇಳಿ. ನೆಲ ಕಾದ ಮೇಲೆ ಗಾಳಿ ಕುದಿಯಲು ಶುರುವಾಗುತ್ತದೆ, ಹೊಟ್ಟೆಯೂ ಜೊತೆಗೆ. ತೂಕ ಕೇಳುತ್ತಾರೆ, ಸುಳ್ಳು ಹೇಳಬೇಡಿ. ಇಂಧನ, ಜನ, ಸಾಮಾನು ಎಲ್ಲ ಕೂಡಿ 172ಎಸ್‌ನ ಮಿತಿ 2550 ಪೌಂಡ್, ಅಂದರೆ ಸುಮಾರು 1157 ಕಿಲೋ. ಖಾಲಿ ಹೊಟ್ಟೆಯೂ ಬೇಡ, ಮಸಾಲೆ ದೋಸೆಯೂ ಬೇಡ, ಎರಡು ಇಡ್ಲಿ ಸಾಕು. ತೆಳು ಅಟ್ಟೆಯ ಶೂ ಹಾಕಿ. ದಪ್ಪ ಅಟ್ಟೆಯಲ್ಲಿ ಪೆಡಲ್ ತಿಳಿಯುವುದಿಲ್ಲ. ತಲೆ ಸುತ್ತಿದರೆ ಗಾಳಿಯ ಕಿಂಡಿ ತೆರೆದು ದೂರದ ಬೆಟ್ಟ ನೋಡಿ. ನನಗೆ ಮೌಂಟ್ ಹ್ಯಾಮಿಲ್ಟನ್ ಮೇಲಿನ ಲಿಕ್ ವೀಕ್ಷಣಾಲಯದ ಬಿಳಿ ಗುಮ್ಮಟ ಆಧಾರವಾಯಿತು. ವಾಂತಿ ಬರುವ ಮುಂಚೆಯೇ ಬಾಯಿಬಿಟ್ಟು ಹೇಳಿ, ನಾಚಿಕೆ ಬೇಡ.

ಹೋದ ಕೂಡಲೇ ‘ನಾನು ಸಿಮ್ ಆಡುತ್ತೇನೆ’ ಅಂತ ಹೇಳಿ. ಗಂಟೆಗಳ ಲೆಕ್ಕ ಹೇಳಬೇಡಿ. ಹೇಳದಿದ್ದರೆ ನಿಮಗೆ ಗೊತ್ತಿರುವುದನ್ನೇ ಅವರು ಇಪ್ಪತ್ತು ನಿಮಿಷ ಹೇಳುತ್ತಾರೆ. ಜಂಬ ಕೊಚ್ಚಿದರೆ ಟೋಪಿ ಬೇಗ ಬರುತ್ತದೆ. ವಿಮಾನದ ಸುತ್ತ ತಪಾಸಣೆಗೆ ಹೋಗುವಾಗ ಜೊತೆಗೇ ಹೋಗಿ. ರೆಕ್ಕೆಯ ಕೆಳಗಿನಿಂದ ಇಂಧನ ತೆಗೆದು ನೀರಿದೆಯಾ ಅಂತ ಬೆಳಕಿಗೆ ಹಿಡಿದು ನೋಡುವುದು, ಆಯಿಲ್ ಕಡ್ಡಿ ಎಳೆದು ಒರೆಸುವುದು, ಇದೆಲ್ಲ ಸಿಮ್‌ನಲ್ಲಿ ಮೌಸ್ ಒತ್ತಿ ಮುಗಿಸಿದ್ದೆವಲ್ಲ, ಇಲ್ಲಿ ಕೈಗೆ ಎಣ್ಣೆ ಹತ್ತುತ್ತದೆ.

ಕಂಟ್ರೋಲ್ ಹಸ್ತಾಂತರದ ಮಾತು ತಪ್ಪಬೇಡಿ. ಇನ್‌ಸ್ಟ್ರಕ್ಟರ್ ‘ಯು ಹ್ಯಾವ್ ದ ಕಂಟ್ರೋಲ್ಸ್’ ಅಂದರೆ ನೀವು ‘ಐ ಹ್ಯಾವ್ ದ ಕಂಟ್ರೋಲ್ಸ್’ ಅನ್ನಬೇಕು, ಅವರು ಮೊದಲಿನದನ್ನು ಮತ್ತೊಮ್ಮೆ ಹೇಳುತ್ತಾರೆ. ಅವರು ‘ನನ್ನದು’ ಅಂದ ಕ್ಷಣ ಕೈ ಕಾಲು ಎರಡೂ ತೆಗೆಯಿರಿ. ಇಲ್ಲಿ ಆಟ ನಿಲ್ಲಿಸುವ ಪಾಜ್ ಬಟನ್ ಇಲ್ಲ, ಇಬ್ಬರೂ ಎಳೆದಾಡುವುದು ಆಟವಲ್ಲ.

ಸುಮ್ನೆ ಊರು ನೋಡಿಕೊಂಡು ಬರುವ ಬದಲು ಏನಾದರೂ ಕೇಳಿ ಮಾಡಿಸಿಕೊಳ್ಳಿ. ನಾವು ದಕ್ಷಿಣಕ್ಕೆ, ಆಂಡರ್ಸನ್ ಜಲಾಶಯದ ಕಡೆ ಹೋದೆವು. ನಾನು ಕೇಳಿದ್ದು ನಿಧಾನ ಹಾರಾಟ. ವೇಗ ಇಳಿಸಿದಂತೆ ಯೋಕ್ ಬೆಣ್ಣೆಯ ಹಾಗಾಯಿತು, ರೆಕ್ಕೆಯ ಲಿಫ್ಟ್ ಕುಸಿಯುವ ಮುಂಚೆ ಎಚ್ಚರಿಸುವ ಸ್ಟಾಲ್ ಹಾರ್ನ್ ನಾಯಿಮರಿಯ ಥರ ಕುಂಯ್‌ಗುಟ್ಟಿತು, ಬಲಗಾಲು ನಡುಗಿತು. ಕುಂಡೆ ಸೀಟಿನಲ್ಲಿ ಒಂದು ಕಡೆ ಜಾರುವುದರಿಂದಲೇ ಬಾಲ್ ಎಲ್ಲಿದೆ ಅಂತ ಹೇಳಬಹುದು. ಇದನ್ನು ಯಾವ ಪರದೆಯೂ ಕಲಿಸುವುದಿಲ್ಲ.

ಇಳಿಯುವುದನ್ನು ಅವರಿಗೇ ಬಿಡಿ. ಈಸ್ಟ್‌ರಿಡ್ಜ್ ಮಾಲ್ ಮೇಲಿಂದ ಬರುವಾಗ 3100 ಅಡಿಯ ಆ ರನ್‌ವೇ ಹಳ್ಳಿ ರಸ್ತೆಯಷ್ಟೇ ಕಂಡಿತು. ನೆಲ ಎಷ್ಟು ಹತ್ತಿರ ಬಂತು ಅನ್ನುವುದು ಕಣ್ಣಂಚಿನಿಂದ ತಿಳಿಯುತ್ತದೆ. ಮಾನಿಟರಿಗೆ ಕಣ್ಣಂಚೇ ಇಲ್ಲ. ಅದಕ್ಕೇ ಮನೆಯಲ್ಲಿ ನಾವು ಧಡಾರನೆ ಬೀಳುವುದು. ಯೋಕ್ ಮೇಲೆ ಬೆರಳಿಟ್ಟು ಅವರ ಕೈ ಎಷ್ಟು ನಿಧಾನ ಹಿಂದಕ್ಕೆ ಬರುತ್ತದೆ ನೋಡಿ, ರನ್‌ವೇಯ ಕೊನೆಯ ತನಕ ದೂರ ನೋಡುತ್ತಿರಿ. ದಾವಣಗೆರೆಗೆ ಫೋನ್ ಮಾಡಿ ಅಮ್ಮನಿಗೆ ‘ನಾನೇ ಇಳಿಸಿದೆ’ ಅಂದೆ, ಅದು ಬೇರೆ ವಿಷಯ.

ಹೊರಡುವ ಮುಂಚೆ ಲಾಗ್‌ಬುಕ್ ಒಂದನ್ನು ಕೊಂಡು ಇನ್‌ಸ್ಟ್ರಕ್ಟರ್ ಕೈಯಲ್ಲಿ ಬರೆಸಿಕೊಳ್ಳಿ. ಪಾಠವಾಗಿ ಹಾರಿದ ಹೊತ್ತು ಲೆಕ್ಕಕ್ಕೆ ಬರುತ್ತದೆ. ನನ್ನದರಲ್ಲಿ 0.7 ಅಂತಿದೆ. ಮನೆಯ 1100 ಗಂಟೆಗೆ ಅದರಲ್ಲಿ ಜಾಗವಿಲ್ಲ. ಅಮೆರಿಕದಲ್ಲಿ ಖಾಸಗಿ ಲೈಸೆನ್ಸಿಗೆ ಕನಿಷ್ಠ 40 ಗಂಟೆ, ಅದರಲ್ಲಿ ಎರಡೂವರೆ ಗಂಟೆ ಮಾತ್ರ ಸಿಮ್ಯುಲೇಟರಿನದು, ಅದೂ ಸರ್ಕಾರ ಒಪ್ಪಿದ ಯಂತ್ರದಲ್ಲಿ, ಇನ್‌ಸ್ಟ್ರಕ್ಟರ್ ಜೊತೆ.

ಬೆಂಗಳೂರಿಗೆ ಬಂದ ಮೇಲೆ ಪೆಡಲ್ ಕೊಂಡೆ, ಏರ್‌ಬಸ್ ಮೂಲೆಗೆ ಹಾಕಿದೆ. ಇಲ್ಲಿ ಕಲಿಯಬೇಕೆಂದಿರುವವರಿಗೆ: ಸ್ಟೂಡೆಂಟ್ ಲೈಸೆನ್ಸಿಗೆ 16 ವರ್ಷ ಆಗಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ವಿಮಾನಯಾನ ನಿಯಂತ್ರಿಸುವ ಡಿಜಿಸಿಎ ಒಪ್ಪಿದ ವೈದ್ಯರಿಂದ ಕ್ಲಾಸ್ 2 ಮೆಡಿಕಲ್ ಬೇಕು. ಖಾಸಗಿ ಲೈಸೆನ್ಸಿಗೆ 17 ವರ್ಷ, ಇಲ್ಲೂ 40 ಗಂಟೆ. ಮೆಡಿಕಲ್ ಮೊದಲು ಮಾಡಿಸಿ, ಫೀಸು ಆಮೇಲೆ ಕಟ್ಟಿ.

ಅಲ್ಲಿಯ ತನಕ ಒಂದು ಅಭ್ಯಾಸ. ರೀಡ್-ಹಿಲ್‌ವ್ಯೂ ಇರುವುದು ಸಮುದ್ರಮಟ್ಟದಿಂದ ಬರೀ 135 ಅಡಿ ಮೇಲೆ. ನಮ್ಮ ಬೆಂಗಳೂರಿನ ಜಕ್ಕೂರು ನಿಲ್ದಾಣ ಸುಮಾರು 3000 ಅಡಿ. ಆ ಎತ್ತರಕ್ಕೆ ಲೆಕ್ಕದ ಪ್ರಕಾರ 9 ಡಿಗ್ರಿ ಇರಬೇಕು, ಏಪ್ರಿಲ್ ಮಧ್ಯಾಹ್ನ 32 ಇರುತ್ತದೆ. ಬಿಸಿಗೆ ಗಾಳಿ ತೆಳುವಾಗುವುದರಿಂದ ಹೆಚ್ಚಾದ ಪ್ರತಿ ಡಿಗ್ರಿಗೆ 120 ಅಡಿ ಸೇರಿಸಿ: ವಿಮಾನದ ಪಾಲಿಗೆ ಜಕ್ಕೂರು 5760 ಅಡಿಯ ಮೇಲಿದ್ದಂತೆ. ಸಿಮ್‌ನಲ್ಲಿ ವಿಒಜೆಕೆ (ಜಕ್ಕೂರಿನ ಕೋಡ್) ತೆರೆಯಿರಿ, 32 ಡಿಗ್ರಿ ಹಾಕಿ, 172ರಲ್ಲಿ ನಾಲ್ಕು ಜನ ಕೂರಿಸಿ ರನ್‌ವೇ 08ರಿಂದ ಹೊರಡಿ. ಚಕ್ರ ಎಲ್ಲಿ ನೆಲ ಬಿಟ್ಟಿತು ಅಂತ ಗುರುತು ಹಾಕಿಕೊಳ್ಳಿ. ಆಮೇಲೆ ಮಿಕ್ಸ್ಚರ್ (ಗಾಳಿಗೆ ಎಷ್ಟು ಇಂಧನ ಬೆರೆಯಬೇಕು ಅಂತ ಹೊಂದಿಸುವ ಹಿಡಿಕೆ) ಸ್ವಲ್ಪ ಹಿಂದಕ್ಕೆಳೆದು, ಆರ್‌ಪಿಎಂ ಎಲ್ಲಿ ಅತಿ ಹೆಚ್ಚು ಸಿಗುತ್ತದೋ ಅಲ್ಲಿ ನಿಲ್ಲಿಸಿ, ಇನ್ನೊಮ್ಮೆ ಹೊರಡಿ. ಬಲಗಾಲು ಮರೆಯಬೇಡಿ.